ನಮ್ಮೂರು ಯಾರಿಗೆ ವೋಟು ಹಾಕ್ತು? ಸಣ್ಣ ಊರು, ದೊಡ್ಡ ಮತದಾನ, ಉಳಿಯದ ಗುಟ್ಟು

(ಈ ವಾರದ ಸಂಚಿಕೆಯ ಅಕ್ಷರ ರೂಪ. ಬಸ್ಸಿನಲ್ಲಿ ಇಯರ್‌ಫೋನ್ ಇಲ್ಲದವರಿಗೆ, ಕೇಳುವುದಕ್ಕಿಂತ ಓದುವುದು ಇಷ್ಟ ಅನ್ನುವವರಿಗೆ.)



ಚುನಾವಣೆ ಫಲಿತಾಂಶ ಬಂದ ಮಾರನೇ ದಿನ ಯಾವುದಾದರೂ ಹಳ್ಳಿಯ ಟೀ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ಯಾರು ಗೆದ್ದರು ಅನ್ನೋ ಮಾತು ಬೇಗ ಮುಗಿದುಹೋಗುತ್ತೆ. ಆಮೇಲೆ ಶುರುವಾಗೋದು ಬೇರೆ ಲೆಕ್ಕ. "ನಮ್ಮ ಬೂತಲ್ಲಿ ನಮಗೆ ಎಷ್ಟು ಬಿತ್ತು? ಮೇಲಿನ ಬೀದಿಯವರು ಕೈ ಕೊಟ್ಟರಾ? ಆ ಮೂವತ್ತು ವೋಟು ಎಲ್ಲಿ ಹೋದ್ವು?" ಈ ಲೆಕ್ಕ ಸುಮ್ಮನೆ ಊಹೆ ಅಂದುಕೊಳ್ಳಬೇಡಿ. ಕೈಯಲ್ಲಿ ಕಾಗದ ಇರುತ್ತೆ, ಕಾಗದದ ಮೇಲೆ ಅಂಕಿ ಇರುತ್ತೆ.

ಇವತ್ತಿನ ಪ್ರಶ್ನೆ ಇದೇ. ನಮ್ಮದು ಗುಟ್ಟಿನ ಮತದಾನ ಅಂತ ಶಾಲೆಯ ಪುಸ್ತಕದಲ್ಲೇ ಓದಿದ್ದೇವೆ. ಹಾಗಿದ್ದರೆ ಒಂದು ಸಣ್ಣ ಊರು ಯಾವ ಕಡೆ ವಾಲಿದೆ ಅಂತ ಇಷ್ಟು ಖಚಿತವಾಗಿ ಹೇಗೆ ಗೊತ್ತಾಗುತ್ತೆ? ಗೊತ್ತಾದರೆ ಏನಾಗುತ್ತೆ? ಮತ್ತೆ, ಇಷ್ಟೆಲ್ಲ ಗೊತ್ತಿದ್ದೂ ಹಳ್ಳಿಯವರು ಪಟ್ಟಣದವರಿಗಿಂತ ಯಾಕೆ ಅಷ್ಟು ಹೆಚ್ಚು ಮತ ಹಾಕ್ತಾರೆ?

ಮೊದಲು ಮತದಾನದ ಪ್ರಮಾಣ ನೋಡೋಣ.

ಮಂಡ್ಯಕ್ಕೂ ಬೆಂಗಳೂರಿಗೂ ಇರುವ ದೂರ

2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಒಟ್ಟು ಮತದಾನ ಸುಮಾರು ಶೇ 70. ಅದರಲ್ಲಿ ಮಂಡ್ಯ ಕ್ಷೇತ್ರದ ಮತದಾನ ಶೇ 81 ದಾಟಿತ್ತು. ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸು. ಎರಡರ ನಡುವೆ ರೈಲಿನಲ್ಲಿ ಎರಡು ಗಂಟೆ ಪ್ರಯಾಣ, ಮತದಾನದಲ್ಲಿ 28 ಅಂಕದ ಅಂತರ. ಅದರ ಹಿಂದಿನ ವರ್ಷ, ಅಂದರೆ 2023ರ ವಿಧಾನಸಭಾ ಚುನಾವಣೆಯಲ್ಲಿ, ಮೇಲುಕೋಟೆ ಮತ್ತು ಹೊಸಕೋಟೆಯಲ್ಲಿ ಶೇ 90ರಷ್ಟು ಜನ ಮತ ಹಾಕಿದ್ದರು. ಬೆಂಗಳೂರು ನಗರದ ಕೆಲವು ಕ್ಷೇತ್ರಗಳು ಅರ್ಧವನ್ನೂ ಮುಟ್ಟಲಿಲ್ಲ. 2020ರ ಡಿಸೆಂಬರ್‌ನಲ್ಲಿ ಕೊರೊನಾ ಭಯದ ಮಧ್ಯೆ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗಲೂ ಎರಡೂ ಹಂತಗಳಲ್ಲಿ ಮತದಾನ ಶೇ 80 ದಾಟಿತ್ತು.

ಈ ಅಂಕಿ ನೋಡಿ "ಬೆಂಗಳೂರಿನವರು ಸೋಮಾರಿಗಳು" ಅಂತ ಬೈಯ್ಯೋದು ವಾಡಿಕೆ. ಆದರೆ ಒಂದು ನಿಮಿಷ. ಶೇಕಡಾವಾರು ಅಂದರೆ ಒಂದು ಸಂಖ್ಯೆಯನ್ನ ಇನ್ನೊಂದರಿಂದ ಭಾಗಿಸಿದ್ದು. ಮೇಲಿರೋದು ಮತ ಹಾಕಿದವರ ಸಂಖ್ಯೆ. ಕೆಳಗಿರೋದು ಪಟ್ಟಿಯಲ್ಲಿ ಹೆಸರಿರುವವರ ಸಂಖ್ಯೆ, ಆ ಜಾಗದಲ್ಲಿ ನಿಜವಾಗಿ ವಾಸ ಇರುವವರ ಸಂಖ್ಯೆ ಅಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಾಯಿಸುತ್ತಲೇ ಇರುತ್ತಾರೆ. ಹಳೇ ವಿಳಾಸದಲ್ಲಿ ಹೆಸರು ಹಾಗೇ ಉಳಿಯುತ್ತೆ, ಹೊಸ ವಿಳಾಸದಲ್ಲಿ ಇನ್ನೊಂದು ಸೇರುತ್ತೆ. ಊರಲ್ಲೊಂದು ಹೆಸರು, ಇಲ್ಲೊಂದು ಹೆಸರು ಇಟ್ಟುಕೊಂಡವರೂ ಇದ್ದಾರೆ. ಉದಾಹರಣೆಗೆ, ಪಟ್ಟಿಯಲ್ಲಿ 1,000 ಹೆಸರು ಇದೆ, ಅದರಲ್ಲಿ 200 ಜನ ಬಿಟ್ಟು ಹೋಗಿದ್ದಾರೆ ಅಂದುಕೊಳ್ಳಿ. ಉಳಿದ 800ರಲ್ಲಿ 560 ಜನ ಮತ ಹಾಕಿದರೂ ದಾಖಲೆಯಲ್ಲಿ ಕಾಣೋದು ಶೇ 56. ನಿಜಕ್ಕೂ ಅಲ್ಲಿದ್ದವರ ಲೆಕ್ಕ ಹಿಡಿದರೆ ಅದು ಶೇ 70.

ಹಳ್ಳಿಯಲ್ಲಿ ಈ ಗೊಂದಲ ಕಡಿಮೆ. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಸಾಮಾನ್ಯವಾಗಿ ಅಲ್ಲಿಯ ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಷ್ಟ್ರೋ ಆಗಿರ್ತಾರೆ. ಯಾರು ತೀರಿಕೊಂಡರು, ಯಾರ ಮಗಳು ಮದುವೆಯಾಗಿ ಯಾವ ಊರಿಗೆ ಹೋದಳು, ಎಲ್ಲ ಅವರಿಗೆ ಗೊತ್ತು. ಪಟ್ಟಿ ಚೊಕ್ಕಟ ಇದ್ದಷ್ಟೂ ಶೇಕಡಾವಾರು ಏರುತ್ತೆ.

ಹಾಗಂತ ಇಡೀ ಅಂತರ ಪಟ್ಟಿಯ ತಪ್ಪಿನಿಂದಲೇ ಬಂದಿದ್ದಲ್ಲ. ಹಳ್ಳಿಯವರು ನಿಜಕ್ಕೂ ಹೆಚ್ಚು ಮತ ಹಾಕ್ತಾರೆ. ಯಾಕೆ ಅನ್ನೋದೇ ಸ್ವಾರಸ್ಯ.

ಬೆರಳಿನ ಶಾಯಿ ಮತ್ತು ಪಕ್ಕದ ಮನೆಯ ಕಣ್ಣು

ಮತದಾನದಲ್ಲಿ ಎರಡು ಸಂಗತಿ ಇವೆ. ಒಂದು, ನೀವು ಮತ ಹಾಕಿದಿರಾ ಇಲ್ಲವಾ. ಇನ್ನೊಂದು, ಯಾರಿಗೆ ಹಾಕಿದಿರಿ. ಎರಡನೆಯದು ಗುಟ್ಟು. ಮೊದಲನೆಯದು ಗುಟ್ಟಲ್ಲವೇ ಅಲ್ಲ. ನಿಮ್ಮ ಎಡಗೈ ತೋರುಬೆರಳಿನ ಮೇಲೇ ಬರೆದಿರುತ್ತೆ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2006ರಲ್ಲಿ ಮೂವರು ರಾಜಕೀಯ ವಿಜ್ಞಾನಿಗಳು, ಗರ್ಬರ್, ಗ್ರೀನ್ ಮತ್ತು ಲ್ಯಾರಿಮರ್, ಒಂದು ಪ್ರಯೋಗ ಮಾಡಿದರು. ಕೆಲವು ಮನೆಗಳಿಗೆ "ಮತ ಹಾಕುವುದು ನಿಮ್ಮ ಕರ್ತವ್ಯ" ಅನ್ನೋ ಸಾದಾ ಪತ್ರ ಹೋಯ್ತು. ಕೆಲವು ಮನೆಗಳಿಗೆ ಹೋದ ಪತ್ರದಲ್ಲಿ ಅವರು ಮತ್ತು ಅವರ ಅಕ್ಕಪಕ್ಕದ ಮನೆಯವರು ಹಿಂದಿನ ಚುನಾವಣೆಗಳಲ್ಲಿ ಮತ ಹಾಕಿದ್ದರಾ ಇಲ್ಲವಾ ಅನ್ನೋ ಪಟ್ಟಿಯೇ ಇತ್ತು, ಚುನಾವಣೆ ಮುಗಿದ ಮೇಲೆ ಇನ್ನೊಂದು ಪಟ್ಟಿ ಕಳಿಸ್ತೀವಿ ಅಂತಲೂ ಬರೆದಿತ್ತು. ಯಾವ ಪತ್ರವೂ ಹೋಗದ ಮನೆಗಳಲ್ಲಿ ಮತದಾನ ಶೇ 29.7 ಇದ್ದರೆ, ಈ ಅಕ್ಕಪಕ್ಕದ ಪಟ್ಟಿ ಹೋದ ಮನೆಗಳಲ್ಲಿ ಶೇ 37.8. ಕರ್ತವ್ಯದ ಪತ್ರ ತಂದ ಹೆಚ್ಚಳ ಇದರ ಮುಂದೆ ತುಂಬಾ ಚಿಕ್ಕದು. ಪಕ್ಕದ ಮನೆಯವರಿಗೆ ಗೊತ್ತಾಗುತ್ತೆ ಅನ್ನೋದು ಅಷ್ಟು ಕೆಲಸ ಮಾಡುತ್ತೆ.

ನಮ್ಮ ಹಳ್ಳಿಗಳಿಗೆ ಆ ಪತ್ರ ಬೇಕಾಗಿಲ್ಲ. ಮತಗಟ್ಟೆ ಶಾಲೆಯಲ್ಲಿ, ಶಾಲೆ ಊರ ಮಧ್ಯೆ, ಸಾಲಲ್ಲಿ ನಿಂತವರೆಲ್ಲ ಪರಿಚಯದವರೇ. ಒಳಗೆ ಕುಳಿತ ಪಕ್ಷದ ಏಜೆಂಟರ ಕೈಯಲ್ಲೂ ಮತದಾರರ ಪಟ್ಟಿ ಇರುತ್ತೆ. ಬಂದವರ ಹೆಸರಿಗೆ ಗುರುತು ಹಾಕ್ತಾ ಹೋಗ್ತಾರೆ. ಮಧ್ಯಾಹ್ನ ಮೂರರ ಹೊತ್ತಿಗೆ ಗುರುತು ಬೀಳದ ಹೆಸರು ಯಾವುದು ಅಂತ ಎರಡೂ ಕಡೆಯವರಿಗೂ ಗೊತ್ತು. ಆಮೇಲೆ ಬೈಕುಗಳು ಹೊರಡುತ್ತವೆ. "ಅಜ್ಜೀ, ಬಾ, ಗಾಡೀಲಿ ಕೂತ್ಕೋ." ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋದ ಹುಡುಗರಿಗೆ ಹಿಂದಿನ ರಾತ್ರಿಯೇ ಫೋನ್ ಹೋಗಿರುತ್ತೆ.

ಇದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸಬೇಕು. ಹಳ್ಳಿಯಲ್ಲಿ ಸರ್ಕಾರ ಹತ್ತಿರದಲ್ಲಿದೆ. ಪಡಿತರ, ಪಿಂಚಣಿ, ಮನೆ ಮಂಜೂರಾತಿ, ಖಾತ್ರಿ ಕೆಲಸ, ಬೋರ್‌ವೆಲ್, ಬೀದಿ ದೀಪ, ಎಲ್ಲದಕ್ಕೂ ಯಾವುದೋ ಕಾಗದಕ್ಕೆ ಯಾರದೋ ಸಹಿ ಬೇಕು. ನಗರದ ಅಪಾರ್ಟ್‌ಮೆಂಟಿನಲ್ಲಿ ಇರುವವರು ನೀರಿಗೆ ಟ್ಯಾಂಕರ್, ಕರೆಂಟಿಗೆ ಜನರೇಟರ್, ಕಾವಲಿಗೆ ಸೆಕ್ಯುರಿಟಿ ಇಟ್ಟುಕೊಂಡು ಸರ್ಕಾರದ ಹಂಗಿಲ್ಲದೆ ಬದುಕಬಹುದು. ಹಳ್ಳಿಯಲ್ಲಿ ಅದು ಆಗಲ್ಲ. ಹಾಗಾಗಿ ವೋಟಿಗೆ ಅಲ್ಲಿ ಬೆಲೆ ಹೆಚ್ಚು, ಅದರ ಮೇಲಿನ ಕಣ್ಣೂ ಹೆಚ್ಚು.

"ನಮ್ಮೂರು ಆ ಪಕ್ಷದ ಊರು" ಅನ್ನೋದು ಎಷ್ಟು ನಿಜ?

ಈಗ ಒಲವಿನ ವಿಷಯ. ಪ್ರತಿ ಊರಿಗೂ ಒಂದು ಹಣೆಪಟ್ಟಿ ಇರುತ್ತೆ. ಅದು ಕೈ ಊರು, ಇದು ತೆನೆ ಊರು, ಅದು ಕಮಲದ ಊರು ಅಂತ. ಈ ಹಣೆಪಟ್ಟಿ ಎಷ್ಟು ಗಟ್ಟಿ ಅಂತ ನೋಡೋಕೆ ಮತ್ತೆ ಮಂಡ್ಯಕ್ಕೇ ಹೋಗೋಣ.

2018ರ ವಿಧಾನಸಭಾ ಚುನಾವಣೆಯಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರ ಜೆಡಿಎಸ್ ಗೆದ್ದಿತ್ತು. ಒಂದೇ ವರ್ಷದಲ್ಲಿ, 2019ರ ಲೋಕಸಭೆಗೆ, ಅದೇ ಮಂಡ್ಯ ಪಕ್ಷೇತರ ಅಭ್ಯರ್ಥಿ ಸುಮಲತಾ ಅವರನ್ನು ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿತು. ಸೋತಿದ್ದು ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ. 2023ರಲ್ಲಿ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಐದು ಕಾಂಗ್ರೆಸ್‌ಗೆ ಹೋದವು, ಮೇಲುಕೋಟೆ ಸರ್ವೋದಯ ಕರ್ನಾಟಕ ಪಕ್ಷಕ್ಕೆ, ಜೆಡಿಎಸ್‌ಗೆ ಉಳಿದಿದ್ದು ಒಂದು. ಮರುವರ್ಷವೇ, 2024ರಲ್ಲಿ, ಬಿಜೆಪಿ ಜೊತೆ ಮೈತ್ರಿ ಮಾಡಿಕೊಂಡಿದ್ದ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಅಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು.

ಆರು ವರ್ಷ, ನಾಲ್ಕು ಚುನಾವಣೆ, ನಾಲ್ಕು ಉತ್ತರ. ಜನ ಹೆಚ್ಚುಕಡಿಮೆ ಅವರೇ. ಇಡೀ ರಾಜ್ಯದಲ್ಲೂ ಹೀಗೇ. 2023ರಲ್ಲಿ ವಿಧಾನಸಭೆಗೆ ಕಾಂಗ್ರೆಸ್ 135 ಸ್ಥಾನ ಗೆದ್ದಿತ್ತು. ವರ್ಷದ ನಂತರ ಲೋಕಸಭೆಯ 28ರಲ್ಲಿ ಅದಕ್ಕೆ ಸಿಕ್ಕಿದ್ದು 9. ಬಿಜೆಪಿ 17, ಜೆಡಿಎಸ್ 2.

ಇದರಿಂದ ನನಗೆ ಅರ್ಥವಾಗೋದು ಇಷ್ಟು. ಊರಿನ ಒಲವು ಅಂದರೆ ಒಂದೇ ದಾರದ ಗಂಟಲ್ಲ, ಮೂರ್ನಾಲ್ಕು ದಾರ ಸೇರಿದ್ದು. ಒಂದು ಪಕ್ಷದ್ದು. ಒಂದು ಜಾತಿ ಮತ್ತು ಬೀದಿಯದ್ದು. ಒಂದು ಊರಿನ ಎರಡು ಗುಂಪುಗಳದ್ದು, ಅಂದರೆ ದೊಡ್ಡ ಮನೆಯವರ ನಡುವಿನ ಹಳೇ ಪೈಪೋಟಿ. ಇನ್ನೊಂದು ಅಭ್ಯರ್ಥಿಯ ಮುಖದ್ದು. ದಿಲ್ಲಿ ಚುನಾವಣೆಯಲ್ಲಿ ಒಂದು ದಾರ ಬಿಗಿಯಾಗುತ್ತೆ, ಬೆಂಗಳೂರು ಚುನಾವಣೆಯಲ್ಲಿ ಇನ್ನೊಂದು, ಪಂಚಾಯಿತಿ ಚುನಾವಣೆಯಲ್ಲಿ ಮತ್ತೊಂದು.

ಪಂಚಾಯಿತಿ ಅಂದೆ ಅಲ್ವಾ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಗೆದ್ದ ಮೇಲೆ ಎಲ್ಲ ಪಕ್ಷದವರೂ "ನಮ್ಮ ಬೆಂಬಲಿಗರು ಇಷ್ಟು ಸಾವಿರ ಗೆದ್ದರು" ಅಂತ ಲೆಕ್ಕ ಕೊಡ್ತಾರೆ. ಆ ಲೆಕ್ಕಗಳನ್ನೆಲ್ಲ ಕೂಡಿಸಿದರೆ ಇರುವ ಸ್ಥಾನಕ್ಕಿಂತ ಹೆಚ್ಚಾದರೂ ಆಶ್ಚರ್ಯ ಇಲ್ಲ, ಯಾಕಂದರೆ ಒಬ್ಬನೇ ಸದಸ್ಯನನ್ನ ಇಬ್ಬರೂ ನಮ್ಮವನು ಅಂತಾರೆ. 2020ರಲ್ಲಿ ಕೆಲವು ಕಡೆ ಸದಸ್ಯ ಸ್ಥಾನವನ್ನೇ ಹರಾಜು ಹಾಕಿ, ಹೆಚ್ಚು ದುಡ್ಡು ಕೊಟ್ಟವರನ್ನ "ಅವಿರೋಧ" ಆಯ್ಕೆ ಮಾಡಿದ ಸುದ್ದಿ ಬಂತು. ಆ ದುಡ್ಡು ದೇವಸ್ಥಾನಕ್ಕೆ ಹೋದರೂ ಕಳೆದುಕೊಂಡಿದ್ದು ಮಾತ್ರ ಊರಿನ ಎಲ್ಲರ ವೋಟು.

ಗುಟ್ಟು ಎಲ್ಲಿ ಸೋರುತ್ತೆ?

ಈಗ ಟೀ ಅಂಗಡಿಯ ಆ ಕಾಗದಕ್ಕೆ ಬರೋಣ.

ನೀವು ಬಟನ್ ಒತ್ತಿದ್ದನ್ನ ಯಾರೂ ನೋಡೋ ಹಾಗಿಲ್ಲ. ಇವಿಎಂ ನಿಮ್ಮ ಹೆಸರಿನ ಜೊತೆ ನಿಮ್ಮ ವೋಟನ್ನ ಬರೆದಿಟ್ಟುಕೊಳ್ಳಲ್ಲ. ಮತದಾನದ ಗುಟ್ಟು ಕಾಪಾಡುವುದು ಚುನಾವಣಾ ಸಿಬ್ಬಂದಿಯ ಮತ್ತು ಏಜೆಂಟರ ಕರ್ತವ್ಯ ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 128ನೇ ಸೆಕ್ಷನ್ ಹೇಳುತ್ತೆ. ಮುರಿದರೆ ಮೂರು ತಿಂಗಳವರೆಗೆ ಜೈಲು. ಅದೇ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಕೋರ್ಟಿನಲ್ಲಿ ಕೂಡ "ಯಾರಿಗೆ ವೋಟು ಹಾಕಿದೆ" ಅಂತ ನಿಮ್ಮಿಂದ ಹೇಳಿಸುವಂತಿಲ್ಲ.

ಅಂದರೆ ಒಬ್ಬ ವ್ಯಕ್ತಿಯ ಗುಟ್ಟಿಗೆ ಬೇಲಿ ಇದೆ. ಆದರೆ ಮತಗಟ್ಟೆಯ ಗುಟ್ಟಿಗೆ ಬೇಲಿ ಇಲ್ಲ. ಎಣಿಕೆಯ ದಿನ ಒಂದೊಂದು ಇವಿಎಂ ಅನ್ನೂ ಬೇರೆ ಬೇರೆಯಾಗಿ ತೆರೆದು, ಈ ಮತಗಟ್ಟೆಯಲ್ಲಿ ಈ ಅಭ್ಯರ್ಥಿಗೆ ಇಷ್ಟು ಅಂತ ಬರೆಯುತ್ತಾರೆ. ಎಲ್ಲ ಸೇರಿ ನಮೂನೆ 20 ಅನ್ನೋ ಪಟ್ಟಿ ಆಗುತ್ತೆ. ಅದು ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಸಿಗುತ್ತೆ, ನಿಮ್ಮ ಮೊಬೈಲಲ್ಲೇ ನೋಡಬಹುದು.

ಕಾಗದದ ಮತಪತ್ರದ ಕಾಲದಲ್ಲಿ ಇದಕ್ಕೊಂದು ಉಪಾಯ ಇತ್ತು. ಮತದಾರರನ್ನ ಹೆದರಿಸುವ ಸಂಭವ ಇದೆ ಅಂತ ಚುನಾವಣಾ ಆಯೋಗಕ್ಕೆ ಅನ್ನಿಸಿದರೆ, ಬೇರೆ ಬೇರೆ ಮತಗಟ್ಟೆಗಳ ಮತಪತ್ರಗಳನ್ನ ಕಲಸಿ ಆಮೇಲೆ ಎಣಿಸುವಂತೆ ಹೇಳಬಹುದಿತ್ತು. ಚುನಾವಣಾ ನಿಯಮಗಳಲ್ಲಿ 59ಎ ಅಂತ ಅದಕ್ಕೊಂದು ನಿಯಮವೇ ಇದೆ. 2004ರ ಲೋಕಸಭಾ ಚುನಾವಣೆಯಿಂದ ಎಲ್ಲ ಕಡೆ ಇವಿಎಂ ಬಂತು. ಎಣಿಕೆ ವೇಗವಾಯ್ತು, ಕಲಸೋದು ನಿಂತುಹೋಯ್ತು.

ದೊಡ್ಡ ಪಟ್ಟಣದಲ್ಲಿ ಇದು ಯಾರಿಗೂ ತಟ್ಟಲ್ಲ. ಯಾವುದೋ ಬಡಾವಣೆಯ 1,200 ಜನರಲ್ಲಿ ಯಾರು ಯಾರಿಗೆ ಹಾಕಿದರು ಅಂತ ಯಾರಿಗೆ ಗೊತ್ತಾಗಬೇಕು? ಆದರೆ ಕಾಡಂಚಿನ ಪೋಡು, ಗುಡ್ಡದ ಮೇಲಿನ ಹಾಡಿ, ಊರಾಚೆಯ ತಾಂಡಾ ಇಂಥ ಕಡೆ ಮತಗಟ್ಟೆಯೇ ಚಿಕ್ಕದು. ಮತಗಟ್ಟೆ 2 ಕಿಲೋಮೀಟರಿಗಿಂತ ದೂರ ಇರಬಾರದು ಅನ್ನೋದು ಆಯೋಗದ ನಿಯಮ, ತುಂಬಾ ಒಳ್ಳೇ ನಿಯಮ. ಅರುಣಾಚಲ ಪ್ರದೇಶದ ಅಂಜಾವ್ ಜಿಲ್ಲೆಯ ಮಾಲೋಗಾಮ್‌ನಲ್ಲಿ ಒಬ್ಬ ಮಹಿಳೆಗೋಸ್ಕರ ಸಿಬ್ಬಂದಿ ಬೆಟ್ಟ ಹತ್ತಿ ಹೋಗಿ ಮತಗಟ್ಟೆ ಹಾಕಿದ್ದಾರೆ. ಗುಜರಾತಿನ ಗಿರ್ ಕಾಡಿನ ಬಾಣೇಜ್‌ನಲ್ಲೂ ಒಬ್ಬರೇ ಮತದಾರರಿದ್ದ ಮತಗಟ್ಟೆ ಇತ್ತು. ಓದಿದಾಗ ಮೈ ಜುಮ್ ಅನ್ನುತ್ತೆ. ಆದರೆ ಅಂಥ ಮತಗಟ್ಟೆಯ ಲೆಕ್ಕವನ್ನ ಬೇರೆಯಾಗಿ ಬರೆದರೆ ಗುಟ್ಟು ಅನ್ನೋದು ಉಳಿಯೋದಾದರೂ ಹೇಗೆ?

ಇಲ್ಲಿದೆ ನಿಜವಾದ ಇಕ್ಕಟ್ಟು. ಮತಗಟ್ಟೆ ಹತ್ತಿರ ಬಂದಷ್ಟೂ ಮತದಾನ ಹೆಚ್ಚುತ್ತೆ. ಹತ್ತಿರ ಬರಬೇಕಾದರೆ ಮತಗಟ್ಟೆ ಚಿಕ್ಕದಾಗಬೇಕು. ಚಿಕ್ಕದಾದಷ್ಟೂ ಗುಟ್ಟು ತೆಳ್ಳಗಾಗುತ್ತೆ.

ಐದಕ್ಕೆ ಐದು ಬಿದ್ದ ಊರು

ಈ ಇಕ್ಕಟ್ಟನ್ನ ಜಗತ್ತಿಗೇ ತೋರಿಸುವ ಒಂದು ಊರಿದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡಿಕ್ಸ್‌ವಿಲ್ ನಾಚ್. ಕೆನಡಾ ಗಡಿಗೆ ಹತ್ತಿರ, ಕಾಡಿನ ಮಧ್ಯೆ, ಒಂದು ಹಳೇ ಹೋಟೆಲ್ ಸುತ್ತ ಬೆಳೆದ ಪುಟ್ಟ ಜನವಸತಿ. ಆ ರಾಜ್ಯದ ಕಾನೂನಿನಲ್ಲಿ ನೂರಕ್ಕಿಂತ ಕಡಿಮೆ ಜನರಿರುವ ಊರು ಮಧ್ಯರಾತ್ರಿಗೇ ಮತಗಟ್ಟೆ ತೆರೆಯಬಹುದು, ಪಟ್ಟಿಯಲ್ಲಿ ಇದ್ದವರೆಲ್ಲ ಹಾಕಿದ ಕೂಡಲೇ ಮುಚ್ಚಿ ಎಣಿಸಬಹುದು. 1960ರಿಂದ ಆ ಊರು ಹೀಗೆ ಮಾಡುತ್ತಾ ಬಂದಿದೆ. ಮತದಾನ ನೂರಕ್ಕೆ ನೂರು, ಯಾಕಂದರೆ ಎಲ್ಲರೂ ಹಾಕದೆ ಮುಚ್ಚೋದೇ ಇಲ್ಲ.

ಅಲ್ಲಿನ ಒಲವು ಹೇಗೆ ಹರಿದಿದೆ ನೋಡಿ. 1960ರಲ್ಲಿ ನಿಕ್ಸನ್‌ಗೆ 9, ಕೆನಡಿಗೆ ಸೊನ್ನೆ. ದೇಶ ಗೆದ್ದಿದ್ದು ಕೆನಡಿ. 2008ರಲ್ಲಿ ಒಬಾಮಾಗೆ 15, ಮೆಕೇನ್‌ಗೆ 6. 2012ರಲ್ಲಿ ಒಬಾಮಾ 5, ರಾಮ್ನಿ 5. 2020ರಲ್ಲಿ ಬೈಡನ್‌ಗೆ 5, ಟ್ರಂಪ್‌ಗೆ ಸೊನ್ನೆ. 2024ರಲ್ಲಿ ಹ್ಯಾರಿಸ್ 3, ಟ್ರಂಪ್ 3.

ಐದಕ್ಕೆ ಐದು ಬಿದ್ದ ರಾತ್ರಿ, ಆ ಐವರಲ್ಲಿ ಯಾರು ಯಾರಿಗೆ ಹಾಕಿದರು ಅಂತ ಇಡೀ ಲೋಕಕ್ಕೆ ಗೊತ್ತಾಯ್ತು. ಟಿ.ವಿ. ಕ್ಯಾಮೆರಾ ಎದುರಿಗೇ ಇತ್ತು. ಅವರಿಗೆ ಅದೊಂದು ಹಬ್ಬ, ಬೇಕಂತಲೇ ಒಪ್ಪಿಕೊಂಡ ಆಟ. ಬೆಳಗಾದ ಮೇಲೆ ಅವರ ಪಡಿತರ ನಿಲ್ಲುತ್ತೆ, ರಸ್ತೆ ನಿಲ್ಲುತ್ತೆ ಅನ್ನೋ ಭಯ ಇರಲಿಲ್ಲ. ಅದೇ ಫಲಿತಾಂಶ ನಮ್ಮ ಒಂದು ಹಾಡಿಯಿಂದ ಬಂದಿದ್ದರೆ?

ಎ, ಬಿ, ಸಿ, ಡಿ

2019ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಸುಲ್ತಾನ್‌ಪುರದಲ್ಲಿ ಅಭ್ಯರ್ಥಿಯಾಗಿದ್ದ ಆಗಿನ ಕೇಂದ್ರ ಸಚಿವೆ ಮೇನಕಾ ಗಾಂಧಿ ಪ್ರಚಾರ ಸಭೆಯಲ್ಲಿ ಒಂದು ಲೆಕ್ಕ ಬಿಡಿಸಿ ಹೇಳಿದರು. ಶೇ 80ರಷ್ಟು ವೋಟು ಕೊಟ್ಟ ಹಳ್ಳಿ ಎ, ಶೇ 60 ಕೊಟ್ಟಿದ್ದು ಬಿ, ಶೇ 50 ಕೊಟ್ಟಿದ್ದು ಸಿ, ಅದಕ್ಕಿಂತ ಕಡಿಮೆ ಇದ್ದರೆ ಡಿ. ಅಭಿವೃದ್ಧಿ ಕೆಲಸ ಎ ಹಳ್ಳಿಯಿಂದ ಶುರು. ಆ ಮಾತನ್ನ ಚುನಾವಣಾ ಆಯೋಗ ಖಂಡಿಸಿತು.

ಇದನ್ನ ಒಬ್ಬರ ಅಥವಾ ಒಂದು ಪಕ್ಷದ ಕತೆ ಅಂತ ತಗೋಬೇಡಿ. ಬಾಯಿಬಿಟ್ಟು ಹೇಳಿದವರು ಸಿಕ್ಕಿಬಿದ್ದರು ಅಷ್ಟೇ. ಬೂತ್‌ವಾರು ಲೆಕ್ಕ ಎಲ್ಲ ಪಕ್ಷದವರ ಚೀಲದಲ್ಲೂ ಇರುತ್ತೆ. ಚರಂಡಿ ಯಾವ ಬೀದಿಗೆ ಮೊದಲು, ಕಾಂಕ್ರೀಟ್ ರಸ್ತೆ ಎಲ್ಲಿಗೆ ಬಂದು ನಿಲ್ಲಬೇಕು ಅನ್ನೋ ತೀರ್ಮಾನ ಆಗುವಾಗ ಆ ಕಾಗದ ನೆನಪಾಗುತ್ತೆ. ಇದರಲ್ಲಿ ದೊಡ್ಡ ಅನ್ಯಾಯ ಆಗೋದು ಯಾರಿಗೆ ಗೊತ್ತಾ? ಆ ಬೂತಿನಲ್ಲಿ ಗೆದ್ದವರಿಗೇ ವೋಟು ಹಾಕಿದ್ದ ಆ ಇಪ್ಪತ್ತು ಮೂವತ್ತು ಜನರಿಗೆ. ಅವರು ಹಾಕಿದ್ದೂ ಲೆಕ್ಕಕ್ಕಿಲ್ಲ, ಊರಿಗೆ ಬಿದ್ದ ಶಿಕ್ಷೆಯಲ್ಲಿ ಮಾತ್ರ ಪಾಲು ಇದೆ.

ಮತ ಹಾಕದೇ ಇರೋದೂ ಒಂದು ಮಾತು

ಕಡಿಮೆ ಮತದಾನ ಅಂದರೆ ಯಾವಾಗಲೂ ಉದಾಸೀನ ಅಂತಲ್ಲ. 2024ರ ಏಪ್ರಿಲ್ 26ರಂದು ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ನಡೆದಿದ್ದು ನಿಮಗೆ ನೆನಪಿರಬಹುದು. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರು. ರಸ್ತೆ, ನೀರು, ಕರೆಂಟಿನಂಥ ಮೂಲಸೌಕರ್ಯ ಇಲ್ಲ ಅಂತ ಜನ ಬಹಿಷ್ಕಾರ ಘೋಷಿಸಿದ್ದರು. ಮತ ಹಾಕಿಸಲು ಅಧಿಕಾರಿಗಳು ಹೋದಾಗ ಗಲಾಟೆಯಾಗಿ ಮತಗಟ್ಟೆ ಧ್ವಂಸವಾಯ್ತು, ಇವಿಎಂ ಒಡೆದುಹೋಯ್ತು. ಮೂರು ದಿನದ ನಂತರ, 29ರಂದು, ಮರು ಮತದಾನ ಇಟ್ಟರು. ಬಂದು ಮತ ಹಾಕಿದವರು ಕೆಲವರು ಮಾತ್ರ.

ಕಲ್ಲು ಎಸೆಯೋದನ್ನ ಯಾರೂ ಒಪ್ಪೋಕಾಗಲ್ಲ. ಆದರೆ ಅಲ್ಲಿಯ ಶೇಕಡಾವಾರು ಅಂಕಿಯನ್ನ ನೋಡಿ "ಇವರಿಗೆ ಪ್ರಜಾಪ್ರಭುತ್ವದಲ್ಲಿ ಆಸಕ್ತಿ ಇಲ್ಲ" ಅನ್ನೋದೂ ತಪ್ಪೇ. ಸಣ್ಣ ಊರಿನ ನೂರಾರು ವೋಟಿನಿಂದ ಯಾರ ಗೆಲುವೂ ನಿರ್ಧಾರ ಆಗಲ್ಲ ಅಂತ ಅವರಿಗೂ ಗೊತ್ತು. ಹಾಕದಿದ್ದರೆ ಮಾತ್ರ ಜಿಲ್ಲಾಧಿಕಾರಿ ತನಕ ಸುದ್ದಿ ಹೋಗುತ್ತೆ ಅಂತಲೂ ಗೊತ್ತು.

ಬಹಿಷ್ಕಾರಕ್ಕೂ ಒಂದು ಕಹಿ ಮುಖ ಇದೆ. ಊರು ಬೇಡ ಅಂದ ದಿನ ಮತ ಹಾಕಬೇಕು ಅನ್ನೋ ಒಬ್ಬರಿದ್ದರೆ, ಅವರ ಬೆರಳಿನ ಶಾಯಿ ಎಲ್ಲರಿಗೂ ಕಾಣುತ್ತೆ. ಯಾರಿಗೂ ಹಾಕಲ್ಲ ಅನ್ನುವವರ ಗುಟ್ಟನ್ನೂ ಕಾಪಾಡಬೇಕು ಅಂತ ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು ಹೇಳಿತು. ಅದಕ್ಕೂ ಮುಂಚೆ ಯಾರಿಗೂ ಮತ ಬೇಡ ಅನ್ನುವವರು ಎಲ್ಲರೆದುರು ರಿಜಿಸ್ಟರಿನಲ್ಲಿ ಬರೆಸಿ ಸಹಿ ಹಾಕಬೇಕಿತ್ತು. ಆ ತೀರ್ಪಿನಿಂದ ಬಂದಿದ್ದೇ ನೋಟಾ ಬಟನ್. ಶಾಯಿ ಹಾಕಿಸಿಕೊಂಡು, ಪರದೆ ಹಿಂದೆ ಹೋಗಿ, ಯಾರೂ ಬೇಡ ಅನ್ನಬಹುದು. ಅದು ನಿಮ್ಮೊಬ್ಬರ ಗುಟ್ಟಾಗಿ ಉಳಿಯುತ್ತೆ.

ಪರಿಹಾರ ಇದೆ, ಕಪಾಟಿನಲ್ಲಿದೆ

ಈ ಸಮಸ್ಯೆಗೆ ಯಂತ್ರ ಆಗಲೇ ಇದೆ. ಹೆಸರು ಟೋಟಲೈಸರ್. ಹದಿನಾಲ್ಕು ಮತಗಟ್ಟೆಗಳ ಇವಿಎಂ ಅನ್ನ ಒಟ್ಟಿಗೆ ಜೋಡಿಸಿದರೆ ಎಲ್ಲದರ ಮೊತ್ತ ಮಾತ್ರ ಬರುತ್ತೆ, ಬಿಡಿ ಲೆಕ್ಕ ಕಾಣಲ್ಲ. ಚುನಾವಣಾ ಆಯೋಗ 2008ರಲ್ಲೇ ಇದನ್ನ ಕೇಂದ್ರದ ಮುಂದೆ ಇಟ್ಟಿತು. ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಬೆಂಬಲಿಸಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಒಪ್ಪಲಿಲ್ಲ. ಬೂತ್‌ವಾರು ಲೆಕ್ಕ ಗೊತ್ತಿದ್ದರೆ ಎಲ್ಲಿ ಹಿಂದೆ ಬಿದ್ದಿದ್ದೇವೋ ಅಲ್ಲಿ ಹೆಚ್ಚು ಕೆಲಸ ಮಾಡಬಹುದು ಅನ್ನೋದು ಅದರ ವಾದ.

ಆ ವಾದವನ್ನ ತಳ್ಳಿಹಾಕೋಕಾಗಲ್ಲ. ಬೂತ್‌ವಾರು ಲೆಕ್ಕದಿಂದ ಇನ್ನೊಂದು ಉಪಯೋಗವೂ ಇದೆ. ಮತದಾನ ಮುಗಿದಾಗ ಏಜೆಂಟರಿಗೆ ಕೊಡುವ 17ಸಿ ನಮೂನೆಯಲ್ಲಿ ಎಷ್ಟು ಮತ ಬಿತ್ತು ಅಂತ ಇರುತ್ತೆ. ಎಣಿಕೆಯ ದಿನ ಅದೇ ಮತಗಟ್ಟೆಯ ಲೆಕ್ಕದ ಜೊತೆ ತಾಳೆ ನೋಡಬಹುದು. ಕಲಸಿಬಿಟ್ಟರೆ ಆ ತಾಳೆ ಕಷ್ಟ ಅನ್ನುವವರಿದ್ದಾರೆ. ಪಾರದರ್ಶಕತೆ ಒಂದು ಕಡೆ, ಗುಟ್ಟು ಇನ್ನೊಂದು ಕಡೆ. ನನಗೆ ಕೇಳಿದರೆ, ಎಲ್ಲ ಕಡೆ ಬೇಡ ಅಂದರೂ ತೀರಾ ಚಿಕ್ಕ ಮತಗಟ್ಟೆಗಳನ್ನಾದರೂ ಪಕ್ಕದವರ ಜೊತೆ ಸೇರಿಸಿ ಎಣಿಸಬೇಕು. ಎಂಬತ್ತು ಜನರ ಹಾಡಿಗೂ ಎಂಟುನೂರು ಜನರ ಬಡಾವಣೆಗೂ ಒಂದೇ ಅಳತೆ ಸರಿಯಲ್ಲ.

ನಿಮ್ಮ ಕೈಯಲ್ಲಿರೋದು

ಕಾನೂನು ಬದಲಾಗೋ ತನಕ ನಾವು ಏನು ಮಾಡಬಹುದು? ನಾಲ್ಕು ಮಾತು ಹೇಳಿ ಮುಗಿಸ್ತೀನಿ.

ಒಂದು. ನಿಮ್ಮ ಊರಿನ ನಮೂನೆ 20 ನೋಡಿ, ತಪ್ಪಿಲ್ಲ. ಆದರೆ ಮತಗಟ್ಟೆ ಅಂದರೆ ಊರಲ್ಲ ಅನ್ನೋದು ನೆನಪಿರಲಿ. ಒಂದು ಊರಿಗೆ ಎರಡು ಮತಗಟ್ಟೆ ಇರಬಹುದು, ಎರಡು ಊರಿಗೆ ಒಂದು ಇರಬಹುದು. ಗಡಿಯೂ ಬದಲಾಗ್ತಾ ಇರುತ್ತೆ. ಒಂದು ಚುನಾವಣೆಯ ಅಂಕಿ ಹಿಡಿದು ಊರಿಗೆ ಹಣೆಪಟ್ಟಿ ಅಂಟಿಸಬೇಡಿ. ಮಂಡ್ಯದ ಕತೆ ಕೇಳಿದ್ರಲ್ಲ.

ಎರಡು. ಅಂಕಿ ನೋಡಿ "ಆ ಬೀದಿಯವರು ಮೋಸ ಮಾಡಿದರು" ಅಂತ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಮತಗಟ್ಟೆಯ ಮೊತ್ತದಿಂದ ಮನೆಯ ವೋಟು ಗೊತ್ತಾಗಲ್ಲ. ಗೊತ್ತಾಗೋದು ಅನುಮಾನ ಮಾತ್ರ, ಆ ಅನುಮಾನದ ಏಟು ಬೀಳೋದು ಬಹುಪಾಲು ಸಣ್ಣ ಕೇರಿಯ ಮೇಲೆ.

ಮೂರು. ಮತಗಟ್ಟೆಯೊಳಗೆ ಮೊಬೈಲ್ ಒಯ್ಯೋದು ನಿಷೇಧ. ಅದು ಬರೀ ಶಿಸ್ತಿನ ವಿಷಯ ಅಲ್ಲ. ಬಟನ್ ಒತ್ತಿದ ಫೋಟೊ ತಗೊಂಡು ಬಾ, ದುಡ್ಡು ಕೊಡ್ತೀನಿ ಅನ್ನುವವನಿಗೆ ಆ ಫೋಟೊನೇ ರಸೀದಿ. ಒಬ್ಬರು ತೋರಿಸಿದರೆ, ತೋರಿಸದವರ ಮೇಲೆ ಅನುಮಾನ ಶುರುವಾಗುತ್ತೆ. ನಿಮ್ಮ ಗುಟ್ಟು ನಿಮ್ಮೊಬ್ಬರದ್ದಲ್ಲ, ಅದು ಪಕ್ಕದವರನ್ನೂ ಕಾಯುತ್ತೆ.

ನಾಲ್ಕು. ಮನೆಯಲ್ಲಿ ದೊಡ್ಡವರಿಗೆ ಹೇಳಿ. ದೇವರ ಫೋಟೊ ಮುಟ್ಟಿಸಿ ಆಣೆ ಮಾಡಿಸಿದರೂ, ದುಡ್ಡು ಕೊಟ್ಟರೂ, ಪರದೆಯ ಹಿಂದೆ ಅವರು ಒಬ್ಬರೇ. ವಿವಿಪ್ಯಾಟ್‌ನ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡ್ ಕಾಣಿಸಿ ಡಬ್ಬಿಗೆ ಬೀಳುತ್ತೆ, ಅದರಲ್ಲಿ ಹೆಸರಿರಲ್ಲ. "ಯಾರಿಗೆ ಹಾಕಿದೆ ಅಜ್ಜೀ?" ಅಂತ ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗುವ ಹಕ್ಕು ಕಾನೂನೇ ಕೊಟ್ಟಿದೆ.

ಶೇ 90 ಮತದಾನ ಆಯ್ತು ಅಂತ ನಾವು ಹೆಮ್ಮೆ ಪಡ್ತೀವಿ, ಪಡಲೇಬೇಕು. ಆ ತೊಂಬತ್ತು ಜನರಲ್ಲಿ ಎಷ್ಟು ಜನ ಯಾರಿಗೂ ಹೆದರದೆ ಹಾಕಿದರು ಅನ್ನೋ ಅಂಕಿ ಯಾವ ನಮೂನೆಯಲ್ಲೂ ಇಲ್ಲ. ಊರಿನ ಪ್ರಜಾಪ್ರಭುತ್ವದ ಆರೋಗ್ಯ ಗೊತ್ತಾಗೋದು ಆ ಅಂಕಿಯಿಂದ.

ನಿಮ್ಮ ಊರಿನಲ್ಲಿ ಬೂತ್ ಲೆಕ್ಕ ಹೇಗೆ ನಡೆಯುತ್ತೆ? ಅದರಿಂದ ಕೆಲಸ ಆಗಿದ್ದು, ಕೆಲಸ ನಿಂತಿದ್ದು ನೋಡಿದ್ದೀರಾ? ಧ್ವನಿ ಸಂದೇಶದಲ್ಲಿ ಕಳಿಸಿ. ಊರಿನ ಹೆಸರು ಬೇಡ, ನಿಮ್ಮ ಹೆಸರೂ ಬೇಡ. ಮತ್ತೆ ಸಿಗೋಣ, ನಮಸ್ಕಾರ.